ಹಳೆಯ ಕೈಗಡಿಯಾರಕ್ಕೆ ಪಾಲಿಶ್ ಬೇಕೇ?

ಪ್ರಶ್ನೆ: ಹಳೆಯ ಕೈಗಡಿಯಾರಗಳನ್ನು ಈಚೆಗೆ ಸಂಗ್ರಹಿಸತೊಡಗಿದ್ದೇನೆ. ಗೀರುಬಿದ್ದ ಉಕ್ಕಿನ ಕೇಸಿಗೂ (ಗಡಿಯಾರದ ಹೊರಕವಚಕ್ಕೂ) ಪಾಲಿಶ್ ಮಾಡಿಸಬೇಡಿ ಎಂದು ಅನುಭವಿಗಳು ಹೇಳುವುದೇಕೆ? ಪಾಲಿಶ್ ಆಗಿರುವುದನ್ನು ಗುರುತಿಸುವುದು ಹೇಗೆ?

ಉತ್ತರ: ಪಾಲಿಶ್ ಗೀರನ್ನು ತುಂಬುವುದಿಲ್ಲ, ಗೀರಿನ ತಳ ಸಿಗುವವರೆಗೆ ಸುತ್ತಲಿನ ಲೋಹವನ್ನೇ ಸವೆಸಿ ತೆಗೆಯುತ್ತದೆ. ಲೇಸರ್ ಬೆಸುಗೆಯಿಂದ ಲೋಹ ತುಂಬಿ ಆಕಾರವನ್ನು ಮರಳಿಸಬಹುದಾದರೂ ಅದು ದುರಸ್ತಿಯೇ ಹೊರತು ಮೂಲ ಮೇಲ್ಮೈಯಲ್ಲ.

ಪಟ್ಟಿ ಸಿಕ್ಕಿಸುವ ನಾಲ್ಕು ಕೊಂಬುಗಳನ್ನು, ಅಂದರೆ ಲಗ್‌ಗಳನ್ನು, ಮೊದಲು ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಗೆರೆಗಳಿರುವ ಮೇಲ್ಭಾಗವೂ ಹೊಳಪಿನ ಪಕ್ಕವೂ ಕೂಡುವೆಡೆ ಮೂಲ ಕೇಸಿನಲ್ಲಿ ಚೂಪಾದ ಅಂಚಿರುತ್ತದೆ. ಪಾಲಿಶ್ ಕಂಡ ಕೇಸಿನಲ್ಲಿ ಆ ಅಂಚು ಹೊಳೆಯ ಕಲ್ಲಿನಂತೆ ದುಂಡಗಾಗಿ, ನಾಲ್ಕು ಕೊಂಬುಗಳ ದಪ್ಪ ಒಂದಕ್ಕೊಂದು ಹೊಂದದೆ ಹೋಗಿರಬಹುದು. ಕೊಂಬಿನಲ್ಲಿ ರಂಧ್ರವಿರುವ ಮಾದರಿಗಳಲ್ಲಿ ಅದು ಅಂಚಿಗೆ ತೀರ ಸಮೀಪ ಬಂದಿದ್ದರೂ ಅನುಮಾನಿಸಿ. ಚಿನ್ನದ ಕೇಸಿನಲ್ಲಾದರೆ ಹಾಲ್‌ಮಾರ್ಕ್ ಮಸುಕಾಗಿದೆಯೇ ಪರೀಕ್ಷಿಸಿ. ಬರಿಯ ಲೇಪನವಾದರೆ ಪಾಲಿಶಿನ ಮಾತೇ ಬೇಡ, ಒಳಗಿನ ಹಿತ್ತಾಳೆ ಇಣುಕುತ್ತದೆ.

‘ಪಾಲಿಶ್ ಆಗಿಯೇ ಇಲ್ಲ’ ಎಂಬ ಮಾರಾಟಗಾರರ ಮಾತನ್ನು ನಾನಂತೂ ಸುಲಭಕ್ಕೆ ನಂಬುವುದಿಲ್ಲ. ಸರ್ವಿಸ್‌ಗೆ ಬಂದ ಗಡಿಯಾರಕ್ಕೆ ಕೇಳದೆಯೇ ಹೊಳಪು ಕೊಟ್ಟು ಕಳುಹಿಸುವುದು ಹಿಂದೆ ವಾಡಿಕೆಯಾಗಿತ್ತು. ನೀವು ಸರ್ವಿಸ್‌ಗೆ ಕೊಡುವಾಗ ‘ಕೇಸ್ ಮುಟ್ಟಬಾರದು’ ಎಂದು ರಸೀದಿಯಲ್ಲೇ ಬರೆಸಿ.