ಆಸ್ಪತ್ರೆಯಲ್ಲಿ ನಿಜ ಹೇಳಿದರೆ ಪೊಲೀಸ್ ಕೇಸ್ ಆಗುತ್ತಾ?

ನಿಮಗೆ 22 ವಯಸ್ಸು, ಪಿಜಿ ವಾಸ, ಸಾಯಲು ಯತ್ನಿಸಿದ್ದನ್ನು ಡಾಕ್ಟರಿಗೆ ಹೇಳಿಬಿಟ್ಟರೆ ಕೇಸ್ ಆಗುತ್ತೇನೋ ಅನ್ನೋ ಭಯ, ಅದರ ಮೇಲೆ ಏರ್ವಾಡಿಯ ಮಾನಸಿಕ ರೋಗಿಗಳ ಆಶ್ರಮದ ಬೆಂಕಿಯ ಕಥೆ ಓದಿ ನನ್ನನ್ನೂ ಕಟ್ಟಿಹಾಕುತ್ತಾರೇನೋ ಅನ್ನೋ ಇನ್ನೊಂದು ಭಯ. ನಿಮ್ಮ ಪ್ರಶ್ನೆಯಲ್ಲಿ ನಾನೇ ಕೂತಿದ್ದೀನಿ.

2013. ಹಾಸನದಿಂದ ಇಂಜಿನಿಯರಿಂಗ್‌ಗೆ ಬಂದವನು, ನಾಲ್ಕು ಸಬ್ಜೆಕ್ಟ್ ಬ್ಯಾಕ್. ಒಂದು ರಾತ್ರಿ ಮಾಡಿಕೊಳ್ಳಬಾರದ್ದು ಮಾಡಿಕೊಂಡೆ. ರೂಮ್‌ಮೇಟ್ ಚಿಕ್ಕಪ್ಪನಿಗೆ ಫೋನ್ ಮಾಡಿದ. ಆಟೋದಲ್ಲಿ ಚಿಕ್ಕಪ್ಪ ಕಿವಿಯಲ್ಲಿ ಹೇಳಿಕೊಟ್ಟರು: "ಹೋಟೆಲ್ ಊಟ ಆಗಿಬರಲಿಲ್ಲ ಅನ್ನು. 309 ಹಾಕಿದ್ರೆ ಮುಗೀತು ನಿನ್ನ ಕಥೆ."

ಅವರ ಭಯ ಸುಮ್ಮನೆ ಹುಟ್ಟಿದ್ದಲ್ಲ. 1860ರ ದಂಡ ಸಂಹಿತೆಯ 309ನೇ ಕಲಂನಲ್ಲಿ ಸಾಯಲು ಹೋಗಿ ಬದುಕಿದವನಿಗೆ ಒಂದು ವರ್ಷದವರೆಗೆ ಜೈಲು ಇತ್ತು. ಅದನ್ನು ತಂದ ಬ್ರಿಟಿಷರು ತಮ್ಮೂರಲ್ಲಿ 1961ಕ್ಕೇ ಅದು ಅಪರಾಧವಲ್ಲ ಅಂದುಬಿಟ್ಟರು. ನಾವು ಇಟ್ಟುಕೊಂಡೇ ಇದ್ದೆವು.

ಡ್ಯೂಟಿ ಡಾಕ್ಟರಿಗೆ ಸುಳ್ಳು ಹೇಳಿದೆ. ಅದಲ್ಲ ನನ್ನ ತಪ್ಪು, ಚಿಕ್ಕಪ್ಪ ಪಕ್ಕದಲ್ಲೇ ನಿಂತಿದ್ದರು. ಆ ಹೆಣ್ಣುಮಗಳಿಗೆ ಅನುಮಾನ ಬಂದು ಚಿಕ್ಕಪ್ಪನನ್ನು ಬಿಲ್ಲಿಂಗ್ ಕೌಂಟರಿಗೆ ಕಳಿಸಿ, ಪರದೆ ಎಳೆದು, ಮೆಲ್ಲಗೆ ಕೇಳಿದರು: "ಮನಸ್ಸಿಗೇನಾದರೂ ಬೇಜಾರಿತ್ತೇನಪ್ಪಾ?" ಕೇಳೋರಿಲ್ಲ, ಬೈಯೋರಿಲ್ಲ. ಆಗಲೂ "ಇಲ್ಲ ಮೇಡಂ, ಊಟ" ಅಂದೆ. ಆ ಎರಡನೇ ಸುಳ್ಳು ನನ್ನದೇ. ಅವರು ಒಂದು ನಿಮಿಷ ಕಾದರು ಕೂಡ. ಪೆನ್ನು ಹಿಡಿದು, ಬರೆಯದೆ. ನಾನು ಗೋಡೆ ಮೇಲಿನ ಗಡಿಯಾರ ನೋಡಿದೆ. ಆಮೇಲೆ ಡಿಸ್ಚಾರ್ಜ್ ಚೀಟಿಯಲ್ಲಿ "ಗ್ಯಾಸ್ಟ್ರೈಟಿಸ್" ಅಂತ ಬಿತ್ತು. ಆ ಒಂದು ಪದ ಹಿಡಿದು ಎರಡು ವರ್ಷ ಹೊಟ್ಟೆಗೆ ಮದ್ದು ತಿಂದೆ. ಅಸಿಡಿಟಿ ಮಾತ್ರೆ, ಎಂಡೋಸ್ಕೋಪಿ, ಅಮ್ಮನ ಜೀರಿಗೆ ಕಷಾಯ. ಹೊಟ್ಟೆ ಚೆನ್ನಾಗೇ ಇತ್ತು. ಬ್ಯಾಕ್ ನಾಲ್ಕಿದ್ದಿದ್ದು ಒಂಬತ್ತಾಯಿತು.

2015ರಲ್ಲಿ ಗೆಳೆಯನೊಬ್ಬ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಎಳಕೊಂಡು ಹೋದ. ಬೆಂಗಳೂರಲ್ಲಿ ಆ ಹೆಸರೇ ಒಂದು ಬೈಗುಳ, ಗೊತ್ತಲ್ಲ? ಅಲ್ಲಿ ಔಷಧಿ ಶುರುವಾಯಿತು, ಅಷ್ಟೇ.

ಇನ್ನು ಏರ್ವಾಡಿ. ನೀವು ಅದನ್ನು ತಲೆಕೆಳಗಾಗಿ ಓದಿದ್ದೀರಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಆ ಖಾಸಗಿ ಆಶ್ರಮದಲ್ಲಿ 28 ಜನ ಸತ್ತಿದ್ದು ಸರಪಳಿ ಹಾಕಿದ್ದರಿಂದ, ಓಡಲಾಗದೆ. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡಿತು. 2007ರಲ್ಲಿ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ ಒಪ್ಪಿತು, ಅದಕ್ಕೆ ತಕ್ಕಂತೆ ಕಾನೂನು ಬದಲಿಸಲೇಬೇಕಾಯಿತು. ಹಾಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕೋದನ್ನೇ ನಿಷೇಧಿಸಿದೆ, ನಿಮ್ಮ ವಿಷಯ ಗುಟ್ಟಾಗಿಡಬೇಕು ಅಂದಿದೆ. 115ನೇ ಕಲಂ ಪ್ರಕಾರ ಸಾಯಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಇಲ್ಲ, ಆರೈಕೆ ಸರ್ಕಾರದ ಹೊಣೆ. ದಂಡ ಸಂಹಿತೆಯ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಹಳೇ 309 ಇಲ್ಲವೇ ಇಲ್ಲ. ಆಸ್ಪತ್ರೆಯವರು ಎಮ್ಮೆಲ್ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ ದಾಖಲೆ, ಬರೆದು ಪೊಲೀಸರು ಬಂದು ಕೇಳಬಹುದು, ಹಾಗಂತ ಅದು ನಿಮ್ಮ ಮೇಲಿನ ಕೇಸಲ್ಲ.

ಹೇಳಲೋ ಬೇಡವೋ ಅಂತ ತೂಗುತ್ತಾ ಕೂರಬೇಡಿ, ಹೇಳಿ. ಇವತ್ತು ರಾತ್ರಿಯೇ ಕಷ್ಟ ಅನ್ನಿಸಿದರೆ 14416, ಟೆಲಿ ಮನಸ್ ಅನ್ನೋ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ದೊಡ್ಡಾಸ್ಪತ್ರೆ ಗೇಟು ಅಂದರೆ ಕಾಲು ನಡುಗಿದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರ ಇದೆ.

ಚಿಕ್ಕಪ್ಪ ಈಗಲೂ ಮದುವೆ ಮನೆಗಳಲ್ಲಿ ನನ್ನ ಎಲೆ ನೋಡಿ ಬಡಿಸೋರಿಗೆ ಹೇಳುತ್ತಾರೆ: "ಇವನಿಗೆ ಸ್ವಲ್ಪವೇ ಹಾಕಿ, ಹೊಟ್ಟೆ ಸೂಕ್ಷ್ಮ."