ಹೊಸ ಪಿಸಿ ಸುಮ್ನೆ ಆನ್ ಇದ್ದರೂ ಪ್ರೊಸೆಸರ್ 62 ಡಿಗ್ರಿ: ಪೇಸ್ಟ್ ಬದಲಿಸುವ ಮೊದಲು ವ್ಯಾಟ್ ನೋಡಿ

ನಮಸ್ಕಾರ. ಕಲಬುರಗಿಯಲ್ಲಿ ಹೊಸದಾಗಿ ಪಿಸಿ ಜೋಡಿಸಿದ್ದೀರಿ, ಇಂಟೆಲ್ ಐ5-12400ಎಫ್, ಡಬ್ಬದ ಜೊತೆ ಬಂದ ಕೂಲರ್, ಏನೂ ಓಪನ್ ಮಾಡದೆ ಸುಮ್ನೆ ಬಿಟ್ಟಾಗಲೂ 60ರಿಂದ 65 ಡಿಗ್ರಿ ತೋರಿಸುತ್ತಿದೆ, ಅಂಗಡಿಯವರು ಬೇಸಿಗೆಯಲ್ಲಿ ಇದೆಲ್ಲ ನಾರ್ಮಲ್ ಅಂದರು, ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖ ಕೂಲರ್‌ಗೆ ದಾಟಲಿ ಅಂತ ಎರಡರ ನಡುವೆ ಹಚ್ಚೋ ಪೇಸ್ಟ್) ಬದಲಿಸಬೇಕಾ ಅಂತ ಕೇಳಿದ್ದೀರಿ. ರೂಮಿನ ಬಿಸಿ 34 ಡಿಗ್ರಿ ಅಂತಲೂ ಬರೆದಿದ್ದೀರಿ. ಅದನ್ನು ಬರೆದಿದ್ದು ತುಂಬಾ ಒಳ್ಳೇದಾಯಿತು, ಏಕೆಂದರೆ ಅದಿಲ್ಲದೆ ಯಾರೂ ಸರಿಯಾದ ಉತ್ತರ ಕೊಡೋಕೆ ಆಗಲ್ಲ.

ಮೊದಲು ಹೆದರಿಕೆ ಬಿಡಿ. ಈ ಪ್ರೊಸೆಸರ್‌ನ ಮಿತಿ 100 ಡಿಗ್ರಿ, ಅಲ್ಲಿಗೆ ಮುಟ್ಟಿದರೆ ಅದೇ ವೇಗ ಇಳಿಸಿಕೊಳ್ಳುತ್ತದೆ. 62ಕ್ಕೆ ಏನೂ ಸುಟ್ಟು ಹೋಗಲ್ಲ. ಆದರೆ ನಾರ್ಮಲ್ ಅನ್ನೋ ಮಾತನ್ನು ನಾನು ಒಪ್ಪಲ್ಲ. ಕೂಲರ್ ಎಷ್ಟೇ ಚೆನ್ನಾಗಿದ್ದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕೆ ಆಗಲ್ಲ, ಅಲ್ವಾ? ಹಾಗಾಗಿ 62ರಲ್ಲಿ 34 ಕಳೆಯಿರಿ. ಉಳಿದ 28 ಡಿಗ್ರಿ ನಿಮ್ಮ ಪಿಸಿಯದು. ಸುಮ್ನೆ ಇರುವ ಪಿಸಿಗೆ ಅದು ಜಾಸ್ತಿ. ಕಲಬುರಗಿ ಬಿಸಿಲಿನ ಮೇಲೆ ಹಾಕೋ ಹಾಗಿಲ್ಲ.

ಈಗ ಪೇಸ್ಟ್ ವಿಷಯ ಪಕ್ಕಕ್ಕಿಡಿ. ಎಚ್‌ಡಬ್ಲ್ಯೂಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹಾಕಿಕೊಂಡು ಸೆನ್ಸರ್ ಪುಟ ತೆಗೆಯಿರಿ. ಬಿಸಿ ತೋರಿಸುವ ಸಾಲಿನ ಜೊತೆಗೆ ‘ಸಿಪಿಯು ಪ್ಯಾಕೇಜ್ ಪವರ್’ ಅಂತ ಒಂದು ಸಾಲು ಇರುತ್ತದೆ, ವ್ಯಾಟ್ ಲೆಕ್ಕದಲ್ಲಿ. ಪ್ರೊಸೆಸರ್ ಎಷ್ಟು ಕರೆಂಟ್ ತಿನ್ನುತ್ತದೋ ಅಷ್ಟೂ ಶಾಖವಾಗಿ ಹೊರಗೆ ಬರಲೇಬೇಕು, ಅದಕ್ಕೇ ಈ ಎರಡು ಸಾಲು ಒಟ್ಟಿಗೆ ನೋಡಬೇಕು. ಎಲ್ಲ ಮುಚ್ಚಿ, ಹತ್ತು ನಿಮಿಷ ಮೌಸ್ ಮುಟ್ಟದೆ ಬಿಡಿ. ಆಮೇಲೆ ನೋಡಿ.

ವ್ಯಾಟ್ 30, 40 ಅಂತ ಇದ್ದರೆ ನಿಮ್ಮ ಪಿಸಿ ಸುಮ್ನೆ ಕೂತಿಲ್ಲ, ಒಳಗೆ ಏನೋ ಕೆಲಸ ಮಾಡುತ್ತಿದೆ. ಹೊಸದಾಗಿ ವಿಂಡೋಸ್ ಹಾಕಿದ ಮೊದಲ ಒಂದೆರಡು ದಿನ ಅಪ್‌ಡೇಟ್, ಡಿಫೆಂಡರ್ ಸ್ಕ್ಯಾನ್, ಫೈಲ್ ಇಂಡೆಕ್ಸಿಂಗ್ ಎಲ್ಲ ನಡೀತಾನೇ ಇರುತ್ತದೆ, ಅದು ತಾನಾಗೇ ನಿಲ್ಲುತ್ತದೆ. ಪವರ್ ಪ್ಲಾನ್ ‘ಹೈ ಪರ್ಫಾರ್ಮೆನ್ಸ್’ನಲ್ಲಿದ್ದರೆ ‘ಬ್ಯಾಲೆನ್ಸ್ಡ್’ಗೆ ತನ್ನಿ. ಇನ್ನೊಂದು ಮಾತು, ತಪ್ಪು ತಿಳಿಯಬೇಡಿ: ಕ್ರ್ಯಾಕ್ ಮಾಡಿದ ವಿಂಡೋಸೋ ಗೇಮೋ ಹಾಕಿದ್ದರೆ ಅದರ ಜೊತೆ ಕ್ರಿಪ್ಟೋ ಮೈನರ್, ಅಂದರೆ ನಿಮಗೆ ಗೊತ್ತಿಲ್ಲದೆ ನಿಮ್ಮ ಪಿಸಿಯಿಂದ ಬೇರೆಯವರಿಗೆ ಕ್ರಿಪ್ಟೋ ಹಣ ಗಳಿಸಿಕೊಡೋ ಪ್ರೋಗ್ರಾಂ, ಸೇರಿಕೊಂಡು ಬಂದಿರಬಹುದು. ಅಂಥವು ಕೆಲವು ಟಾಸ್ಕ್ ಮ್ಯಾನೇಜರ್ ತೆಗೆದ ತಕ್ಷಣ ಅಡಗಿಕೊಳ್ಳುತ್ತವೆ. ಟಾಸ್ಕ್ ಮ್ಯಾನೇಜರ್ ತೆಗೆದಾಗಲೆಲ್ಲ ವ್ಯಾಟ್ ದಿಢೀರಂತ ಇಳಿದು, ಮುಚ್ಚಿದ ಮೇಲೆ ಮತ್ತೆ ಏರುತ್ತಿದ್ದರೆ ಅನುಮಾನ ಪಡಿ, ವಿಂಡೋಸ್ ಮೊದಲಿಂದ ಹಾಕಿ.

ವ್ಯಾಟ್ ಹತ್ತು ಹದಿನೈದರ ಆಸುಪಾಸಿನಲ್ಲಿದ್ದೂ 62 ಡಿಗ್ರಿ ಬಂದರೆ ಕಥೆ ಬೇರೆ. 65 ವ್ಯಾಟ್ ಶಾಖ ತೆಗೆಯೋಕೆ ಅಂತ ಕೊಟ್ಟ ಕೂಲರ್ ಹತ್ತು ವ್ಯಾಟ್‌ಗೇ ಸುಸ್ತಾಗುತ್ತಿದೆ ಅಂದರೆ ಅದು ಪ್ರೊಸೆಸರ್ ಮೇಲೆ ಸರಿಯಾಗಿ ಕೂತಿಲ್ಲ, ಇಲ್ಲಾ ಫ್ಯಾನೇ ತಿರುಗುತ್ತಿಲ್ಲ. ಫ್ಯಾನ್ ವೈರ್ ‘ಸಿಪಿಯು ಫ್ಯಾನ್’ ಅಂತ ಬರೆದ ಜಾಗಕ್ಕೇ ಹಾಕಿದ್ದೀರಾ, ವೈರ್ ರೆಕ್ಕೆಗೆ ತಾಗುತ್ತಿಲ್ವಾ ನೋಡಿಕೊಳ್ಳಿ. ಅದು ಸರಿ ಇದ್ದರೆ ಉಳಿಯೋದು ಪಿನ್, ಅಂದರೆ ಕೂಲರ್‌ನ ನಾಲ್ಕು ಮೂಲೆಯಲ್ಲಿದ್ದು ಅದನ್ನು ಬೋರ್ಡಿಗೆ ಕಚ್ಚಿಸುವ ಪ್ಲಾಸ್ಟಿಕ್ ಪಿನ್‌ಗಳು.

ಇದು ನನಗೇ ಆಗಿತ್ತು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಿಂದ ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಐ5-10400. ಬೆಂಗಳೂರಿನ 26 ಡಿಗ್ರಿ ರೂಮಿನಲ್ಲಿ, 9 ವ್ಯಾಟ್‌ಗೆ 61 ಡಿಗ್ರಿ! ಎರಡು ಸಲ ಪೇಸ್ಟ್ ಒರೆಸಿ ಹೊಸದು ಹಾಕಿದೆ, ಒಂದೆರಡು ಡಿಗ್ರಿ ಆಚೆ ಈಚೆ ಆಯಿತು ಅಷ್ಟೆ. ಮೂರನೇ ದಿನ ರಾತ್ರಿ ಕ್ಯಾಬಿನೆಟ್‌ನ ಹಿಂಬದಿ ಬಾಗಿಲು ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಪ್ರೊಸೆಸರ್ ಹಿಂದೆ ಕ್ಯಾಬಿನೆಟ್ ತಗಡಿನಲ್ಲಿ ದೊಡ್ಡ ಚೌಕದ ಕಿಂಡಿ ಇರುತ್ತದಲ್ಲ, ಅಲ್ಲಿಂದ ಕೂಲರ್‌ನ ನಾಲ್ಕೂ ಕಾಲು ಕಾಣುತ್ತವೆ. ಮೂರರಲ್ಲಿ ಬಿಳಿ ಪ್ಲಾಸ್ಟಿಕ್ ಕಾಲು ಎರಡು ಕಡೆ ಅಗಲವಾಗಿ ಬಿಚ್ಚಿಕೊಂಡು, ನಡುವೆ ಕಪ್ಪು ಮೊಳೆಯ ತುದಿ ಹೊರಗೆ ಬಂದಿತ್ತು. ನಾಲ್ಕನೆಯದರಲ್ಲಿ ಬಿಳಿ ಕಾಲು ಎರಡೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ಕಪ್ಪು ತುದಿಯೇ ಇಲ್ಲ. ಮುಂದಿನಿಂದ ನೋಡಿದರೆ ನಾಲ್ಕೂ ಒಂದೇ ಥರ ಕೂತ ಹಾಗೆ ಕಾಣುತ್ತಿತ್ತು! ಆ ಮೂಲೆ ಒತ್ತಿದೆ, ಟಕ್ ಅಂತ ಸದ್ದು ಬಂತು. ಆನ್ ಮಾಡಿದರೆ 36 ಡಿಗ್ರಿ. ಆವತ್ತಿನಿಂದ ಯಾರಾದರೂ ಪೇಸ್ಟ್ ಅಂದರೆ ನಾನು ಮೊದಲು ಪಿನ್ ಕೇಳ್ತೀನಿ.

ನಿಮ್ಮ ಕೂಲರ್‌ನಲ್ಲೂ ಇದೇ ಥರದ ಪಿನ್ ಇದೆ. ಪಿಸಿ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಹಿಂದಿನಿಂದ ಟಾರ್ಚ್ ಬಿಟ್ಟು ನಾಲ್ಕೂ ನೋಡಿ. ಒಂದು ಕೂತಿಲ್ಲ ಅಂದರೂ ಕೂಲರ್ ಪೂರ್ತಿ ತೆಗೆದು ಮತ್ತೆ ಕೂರಿಸೋದು ವಾಸಿ, ಏಕೆಂದರೆ ಓರೆಯಾಗಿ ಕೂತಿದ್ದಾಗ ಪೇಸ್ಟ್ ಒಂದೇ ಕಡೆ ಹರಡಿರುತ್ತದೆ. ನಾನು ಆವತ್ತು ಬರೀ ಒತ್ತಿ ಬಿಟ್ಟೆ, ಅದೃಷ್ಟಕ್ಕೆ ಸರಿಹೋಯಿತು. ಹಳೇ ಪೇಸ್ಟ್ ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು, ಮೊಬೈಲ್ ರಿಪೇರಿ ಅಂಗಡಿಯವರ ಹತ್ತಿರ ಇರುತ್ತದೆ, ಸ್ವಲ್ಪ ಕೇಳಿ. ಹೊಸ ಪೇಸ್ಟ್ ಮಧ್ಯದಲ್ಲಿ ಒಂದು ತೊಗರಿ ಕಾಳಿನಷ್ಟು ಸಾಕು. ಬೆರಳಲ್ಲಿ ಬಳಿಯಬೇಡಿ. ಕ್ಯಾಬಿನೆಟ್ ಮಲಗಿಸಿ, ಪಿನ್‌ಗಳನ್ನು ಬಿಚ್ಚೋಕೆ ತಿರುಗಿಸಿದ್ದರೆ ಮೊದಲಿನ ಜಾಗಕ್ಕೇ ತಿರುಗಿಸಿಟ್ಟುಕೊಂಡು, ಎದುರುಬದುರು ಮೂಲೆಯ ಎರಡು ಪಿನ್ ಒಟ್ಟಿಗೆ ಒತ್ತಿ, ಆಮೇಲೆ ಉಳಿದೆರಡು. ಬೋರ್ಡ್ ಸ್ವಲ್ಪ ಬಾಗಿದ ಹಾಗೆ ಅನಿಸುತ್ತದೆ, ಗಾಬರಿಯಾಗಬೇಡಿ, ಅಷ್ಟು ಬಲ ಬೇಕೇ ಬೇಕು. ಕೂಡಿಸಿದ ಮೇಲೆ ಕೂಲರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಅಲುಗಾಡಬಾರದು.

ಕೂಲರ್ ಬೇರೆ ಕೊಂಡಿದ್ದವರು ಇದನ್ನು ಓದುತ್ತಿದ್ದರೆ, ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ಇಂಟೆಲ್ ಬದಲು ಎಎಮ್‌ಡಿ ಕಂಪನಿಯ ರೈಜೆನ್ ಪ್ರೊಸೆಸರ್ ಇರುವವರಿಗೆ ಸುಮ್ನೆ ಇದ್ದಾಗಲೂ 40ರಿಂದ 55ಕ್ಕೆ ಹಾರಿ ಮತ್ತೆ ಇಳಿಯೋದು ಮಾಮೂಲು. ಮತ್ತೆ ಬಯೋಸ್ (ವಿಂಡೋಸ್ ಶುರುವಾಗೋ ಮೊದಲು ತೆಗೆಯೋ ಸೆಟ್ಟಿಂಗ್ ಪುಟ) ಒಳಗೆ ಕಾಣುವ ಅಂಕಿ ನಂಬಬೇಡಿ, ಅಲ್ಲಿ ಪ್ರೊಸೆಸರ್ ವಿಂಡೋಸ್‌ನಲ್ಲಿ ಮಾಡುವ ಹಾಗೆ ನಿದ್ದೆಗೆ ಜಾರಲ್ಲ, ಅದಕ್ಕೇ ಬಿಸಿ ಜಾಸ್ತಿ ತೋರಿಸುತ್ತದೆ.

ಎಲ್ಲ ಆದ ಮೇಲೆ ಸಿನೆಬೆಂಚ್, ಅಂದರೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸೋ ಸಾಫ್ಟ್‌ವೇರ್, ಹತ್ತು ನಿಮಿಷ ಓಡಿಸಿ. ಶುರು ಮಾಡಿದ ಒಂದೆರಡು ಸೆಕೆಂಡಿನಲ್ಲೇ 95 ದಾಟಿದರೆ ಕೂಲರ್ ಇನ್ನೂ ಸರಿಯಾಗಿ ಮುಟ್ಟುತ್ತಿಲ್ಲ ಅಂತ. ನಿಧಾನಕ್ಕೆ ನಿಮಿಷಗಟ್ಟಲೆ ಏರುತ್ತಾ ಹೋಗಿ 80ರ ಹತ್ತಿರ ನಿಂತರೆ ಕಲಬುರಗಿ ಬೇಸಿಗೆಗೆ ಆ ಕೂಲರ್ ಅಷ್ಟೇ ಮಾಡೋದು, ಅದು ಸರಿಯಾಗೇ ಇದೆ. ಪಿನ್ ಮುರಿದಿರೋದು ಕಂಡರೆ ಫೆವಿಕ್ವಿಕ್ ಗಿವಿಕ್ವಿಕ್ ಹಾಕೋಕೆ ಹೋಗಬೇಡಿ. ಡಬ್ಬದ ಪ್ರೊಸೆಸರ್‌ಗೆ 3 ವರ್ಷ ವಾರಂಟಿ ಇದೆ, ಆ ಕೂಲರ್ ಕೂಡ ಅದರಲ್ಲೇ ಬರುತ್ತದೆ. ಬಿಲ್ ಮತ್ತು ಡಬ್ಬ ಎರಡೂ ಎತ್ತಿಟ್ಟುಕೊಳ್ಳಿ. ವ್ಯಾಟ್ ಎಷ್ಟು ಬಂತು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳ್ತೀನಿ.