ಎಲ್ಲರೂ ವೀಗನ್ ಆದರೆ ಕಾಳು, ತರಕಾರಿ ಬೆಳೆಯಲು ಅಷ್ಟೊಂದು ಭೂಮಿ ಎಲ್ಲಿಂದ ತರುವುದು?

ತರಬೇಕಾಗಿಯೇ ಇಲ್ಲ, ಈಗಿರುವುದರಲ್ಲೇ ಬಹಳಷ್ಟು ಉಳಿಯುತ್ತದೆ. ಮಾಂಸ, ಮೊಟ್ಟೆಯ ಜೊತೆಗೆ ಹಾಲನ್ನೂ ಬಿಡುವ ವೀಗನ್ ಆಹಾರಕ್ಕೆ ಜಗತ್ತು ಪೂರ್ತಿ ಹೊರಳಿದರೆ, ಆಹಾರಕ್ಕಾಗಿ ಬಳಸುವ ಭೂಮಿ ಸುಮಾರು ಶೇ. 76ರಷ್ಟು ಕಡಿಮೆಯಾಗುತ್ತದೆ ಎಂದು ಸಂಶೋಧಕರಾದ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕಾಗಿ ಅವರು 119 ದೇಶಗಳ ಸುಮಾರು 38,700 ಕೃಷಿ ಘಟಕಗಳ ಮಾಹಿತಿಯನ್ನು ಕಲೆಹಾಕಿದ್ದರು.

ಕಾರಣ ಸರಳ: ಪ್ರಾಣಿ ತಿಂದದ್ದೆಲ್ಲ ಮಾಂಸವಾಗುವುದಿಲ್ಲ, ಹಾಲೂ ಆಗುವುದಿಲ್ಲ. ಮೇವಿನ ಶಕ್ತಿಯ ಬಹುಪಾಲು ಅದು ಉಸಿರಾಡಲು, ಓಡಾಡಲು, ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ಖರ್ಚಾಗುತ್ತದೆ; ಮೂಳೆ, ಚರ್ಮ, ಸಗಣಿಗೂ ಒಂದು ಪಾಲು ಹೋಗುತ್ತದೆ. ನಮ್ಮ ತಟ್ಟೆಗೆ ಬರುವುದು ಮಿಕ್ಕ ಚೂರು ಮಾತ್ರ. ಹಾಗಾಗಿಯೇ ಪ್ರಾಣಿಜನ್ಯ ಆಹಾರವು ಜಗತ್ತಿನ ಕೃಷಿಭೂಮಿಯ ಸುಮಾರು ಶೇ. 83ರಷ್ಟನ್ನು ಹಿಡಿದುಕೊಂಡೂ ನಮಗೆ ಕೊಡುವುದು ಶೇ. 18ರಷ್ಟು ಕ್ಯಾಲೊರಿ, ಶೇ. 37ರಷ್ಟು ಪ್ರೋಟೀನ್.

ಈ ಅಂಕಿಗಳನ್ನು ಹಿಡಿದುಕೊಂಡು ಹಿತ್ತಲಿನ ಹಸುವಿನ ಮೇಲೆ ತಪ್ಪು ಹೊರಿಸುವುದು ಮಾತ್ರ ಸರಿಯಲ್ಲ. ಹೀಗೆ ಉಳಿಯುವ ಭೂಮಿಯಲ್ಲಿ ದೊಡ್ಡ ಪಾಲು ಹುಲ್ಲುಗಾವಲು. ಅದರಲ್ಲಿ ಬಹಳ ಕಡೆ ಉತ್ತು ಬೆಳೆ ತೆಗೆಯಲು ಸಾಧ್ಯವೂ ಇಲ್ಲ. ರಾಗಿಹುಲ್ಲು, ಬೂಸಾ, ಹಿಂಡಿ ತಿನ್ನುವ ಹಸು ನಾವು ತಿನ್ನಲಾಗದ್ದನ್ನು ಹಾಲಾಗಿಸುತ್ತದೆ. ಮನುಷ್ಯರೂ ತಿನ್ನಬಹುದಾದ ಮೆಕ್ಕೆಜೋಳ, ಸೋಯಾ ತಿಂದು ಮಾಂಸಕ್ಕಾಗಿಯೇ ಕೊಬ್ಬುವ ದನದ ಲೆಕ್ಕವೇ ಬೇರೆ.